ಅಜ್ಜಿಯ ಮಡಿಲು, ಅಡಿಗೆಯ ಒಲೆ

ಅಸಲಿಗಿಂತ ಬಡ್ಡಿಯ ಮೇಲೆಯೇ ಮಮತೆ ಹೆಚ್ಚು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಕ್ಕಳನ್ನು ಹೆತ್ತು ಸಾಕುವ ಕಾಲದಲ್ಲಿ ಸಂಸಾರದ ತಾಪತ್ರಯಗಳ ನಡುವೆ ಪೂರ್ಣವಾಗಿ ಸವಿಯಲಾಗದ ವಾತ್ಸಲ್ಯವನ್ನು ಮೊಮ್ಮಕ್ಕಳ ಮೂಲಕ ಸವಿಯುವ ಭಾಗ್ಯ ಮುಪ್ಪಿನಲ್ಲಿ ಒದಗುತ್ತದೆ ಎಂಬುದು ಆ ಮಾತಿನ ತಾತ್ಪರ್ಯ. ಆದರೆ ಇತ್ತೀಚಿನ ವರ್ಷಗಳಲ್ಲಿ ಮದುವೆ, ಉಪನಯನ, ಪೂಜೆ ಮೊದಲಾದ ಸಮಾರಂಭಗಳಲ್ಲಿ ಊಟದ ಪಂಕ್ತಿ ಎದ್ದ ಮೇಲೆ ಅರುವತ್ತು ದಾಟಿದ ಹೆಂಗಸರು ನಾಲ್ವರು ಒಂದೆಡೆ ಕುಳಿತರೆಂದರೆ ಕೇಳಿಬರುವ ಮಾತು ಬೇರೆ. "ಮಗಳ ಮನೆಗೆ ಹೋಗಿ ಬಂದೆ, ಸೊಂಟ ಇನ್ನೂ ನೆಟ್ಟಗಾಗಲಿಲ್ಲ" ಎನ್ನುವವರು ಒಬ್ಬರು. "ಮಗು ನೋಡಿಕೊಳ್ಳಲಿಕ್ಕೆ ಅಂತ ಕರೆದರು, ಹೋಗಿ ನೋಡಿದರೆ ಇಡೀ ಮನೆಯೇ ನನ್ನ ತಲೆಯ ಮೇಲೆ" ಎನ್ನುವವರು ಇನ್ನೊಬ್ಬರು. ಮಕ್ಕಳ ಕಡೆಯಿಂದಲೂ ದೂರು ಇಲ್ಲದಿಲ್ಲ. "ಅಮ್ಮ ಬಂದಿದ್ದಾಳೆ ನಿಜ, ಆದರೆ ಸಂಜೆ ಮನೆಗೆ ಬಂದರೆ ಮಾತೇ ಆಡುವುದಿಲ್ಲ" ಎಂದು ಅವರು ತಮ್ಮ ಗೆಳತಿಯರಲ್ಲಿ ತೋಡಿಕೊಳ್ಳುತ್ತಾರೆ.

ಈ ವೈಮನಸ್ಸಿನ ಮೂಲವನ್ನು ಪ್ರೀತಿಯ ಅಭಾವದಲ್ಲಿ ಹುಡುಕಿದರೆ ಸಿಗಲಾರದು. ಪ್ರೀತಿ ಇಲ್ಲದಿದ್ದರೆ ಕರೆಯುವವರೂ ಇಲ್ಲ, ಹೋಗುವವರೂ ಇಲ್ಲ. ಎರಡು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿರುವುದೇ ಜಗಳದ ಬೇರು ಎಂದು ನನ್ನ ಅನುಭವ ಹೇಳುತ್ತದೆ. ಶಿಶುಪಾಲನೆ ಒಂದು ಕೆಲಸ. ಗೃಹಕೃತ್ಯ ಇನ್ನೊಂದು ಕೆಲಸ. "ಮಗುವನ್ನು ನೋಡಿಕೊಳ್ಳುವುದು" ಎಂಬ ಒಂದೇ ಮಾತಿನೊಳಗೆ ಇವೆರಡೂ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಗಡಿನಾಡಿನವರಾದ ನಮಗೆ ಇದರಿಂದ ಮತ್ತೊಂದು ನಷ್ಟವೂ ಉಂಟು. ಅದನ್ನು ಮುಂದೆ ವಿವರಿಸುತ್ತೇನೆ.

ಹಿಂದಿನ ಕೂಡುಕುಟುಂಬಗಳಲ್ಲಿ ಈ ಸಮಸ್ಯೆ ಈ ರೂಪದಲ್ಲಿ ಇರಲಿಲ್ಲ. ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ನನ್ನ ಮಗಳು ಹುಟ್ಟಿದಾಗ ಅಡಿಗೆಮನೆ ನನ್ನ ಓರಗಿತ್ತಿಯ ವಶದಲ್ಲಿತ್ತು. ಹಟ್ಟಿಯ ಕೆಲಸಕ್ಕೆ ಆಳು ಇದ್ದ. ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಲು ಮನೆಯಲ್ಲಿ ಹುಡುಗರಿದ್ದರು. ಅತ್ತೆಯವರು ಒಲೆಯಿಂದ ಎಂದೋ ನಿವೃತ್ತರಾಗಿದ್ದರು. ಎಳೆಗೂಸನ್ನು ಅಡಿಕೆ ಹಾಳೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುವುದು, ತೊಟ್ಟಿಲು ತೂಗುವುದು, ಜಗಲಿಯಲ್ಲಿ ಕುಳಿತು ರಾಗಿಮಣ್ಣಿ ತಿನ್ನಿಸುತ್ತ ಕಾಗೆ ಗುಬ್ಬಿಗಳನ್ನು ತೋರಿಸುವುದು, ಇಷ್ಟೇ ಅವರ ದಿನಚರಿ. ಅಂದಿನ ವ್ಯವಸ್ಥೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಓರಗಿತ್ತಿಯ ಬೆನ್ನು ನೋವಿನ ಲೆಕ್ಕವನ್ನು ಅಂದು ಯಾರೂ ಇಟ್ಟಿರಲಿಲ್ಲ. ಆದರೆ ಅಜ್ಜಿಯಾದವಳಿಗೆ ಮಗುವಿನ ಕೆಲಸ ಮಾತ್ರ ಇತ್ತು ಎಂಬುದು ಸತ್ಯ. ಇಂದು ಅಜ್ಜಿ ಒಬ್ಬಳೇ ರೈಲು ಹತ್ತಿ ಪಟ್ಟಣದ ಎರಡು ಕೋಣೆಗಳ ಫ್ಲ್ಯಾಟಿಗೆ ಹೋಗುತ್ತಾಳೆ. ಅಲ್ಲಿ ಅತ್ತೆಯೂ ಅವಳೇ, ಓರಗಿತ್ತಿಯೂ ಅವಳೇ, ನೀರು ತುಂಬಿಸುವ ಹುಡುಗನೂ ಅವಳೇ.

ಅಜ್ಜಿಗೆ ಕರೆ ಬರುವುದು ಯಾವಾಗ ಎಂಬುದನ್ನು ಕೊಂಚ ಗಮನಿಸೋಣ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅಂದರೆ ಹೆರಿಗೆಗೆ ಮೊದಲೇ ರಜೆ ಹಾಕಿದರೂ ಹಾಕದಿದ್ದರೂ ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ತಾಯಿಗೆ ಕಚೇರಿಯ ಬಾಗಿಲು ತೆರೆಯುತ್ತದೆ. ಇತ್ತ, 1975ರ ಅಕ್ಟೋಬರ 2ರಂದು ಪ್ರಾರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಶಾಲಾಪೂರ್ವ ಶಿಕ್ಷಣ ದೊರೆಯುವುದು ಮೂರು ವರ್ಷ ತುಂಬಿದ ಮಕ್ಕಳಿಗೆ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುವಿಹಾರ ಇರಬೇಕೆಂದು 2017ರ ತಿದ್ದುಪಡಿಯೇ ವಿಧಿಸಿತಾದರೂ ಸಣ್ಣ ಕಚೇರಿಗಳಲ್ಲಿ ದುಡಿಯುವವರಿಗೆ ಅದರಿಂದ ಪ್ರಯೋಜನವಿಲ್ಲ. ಆರನೆಯ ತಿಂಗಳಿನಿಂದ ಮೂರನೆಯ ವರ್ಷದವರೆಗೆ, ಎರಡೂವರೆ ವರ್ಷಗಳ ಈ ಕಂದಕವನ್ನು ನಮ್ಮ ಮನೆಗಳಲ್ಲಿ ತುಂಬುತ್ತಿರುವವಳು ಅಜ್ಜಿ.

ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ 28 ವರ್ಷ ಪಾಠ ಹೇಳಿ ನಿವೃತ್ತಳಾದವಳು. ಮಗಳಿಗೆ ಕಣ್ಣೂರಿನಲ್ಲಿ ಉದ್ಯೋಗ, ಅಳಿಯನಿಗೂ ಅಲ್ಲಿಯೇ. ಮೊಮ್ಮಗಳಿಗೆ ಆರು ತಿಂಗಳಾದಾಗ ಕರೆ ಬಂತು. ನಮ್ಮವರನ್ನು ತೋಟ, ಒಂದು ಹಸು, ಒಂದು ಕರುವಿನೊಂದಿಗೆ ಊರಿನಲ್ಲಿ ಬಿಟ್ಟು ಸಂತೋಷದಿಂದಲೇ ಹೊರಟೆ. ಅಲ್ಲಿಯವರೆಗೆ ಆ ಮನೆಗೆ ಬೆಳಿಗ್ಗೆ ಎರಡು ಗಂಟೆಯ ಕಾಲ ಕೆಲಸದಾಕೆಯೊಬ್ಬಳು ಬಂದು ಪಾತ್ರೆ ತೊಳೆದು, ನೆಲ ಒರೆಸಿ, ತರಕಾರಿ ಹೆಚ್ಚಿಕೊಟ್ಟು ಹೋಗುತ್ತಿದ್ದಳು. ನಾನು ಹೋದ ತಿಂಗಳ ಕೊನೆಗೆ ಅವಳನ್ನು ಬಿಡಿಸಿದರು. ಮನೆಯ ಸಾಲದ ಕಂತು ತೀರಿಸಬೇಕಾದ ದಂಪತಿಗಳಿಗೆ ಅದು ಸಹಜವಾಗಿಯೇ ತೋರಿತ್ತು. "ಹೇಗೂ ಅಮ್ಮ ಇದ್ದಾಳಲ್ಲ" ಎಂಬ ಮಾತು ನನ್ನ ಕಿವಿಗೂ ಬಿತ್ತು. ಅದನ್ನು ಆಡಿದವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಆ ಮೂರು ಶಬ್ದಗಳೊಳಗೆ ಎಷ್ಟು ಕೆಲಸ ಅಡಗಿತ್ತೆಂಬುದು ಮರುದಿನದಿಂದ ತಿಳಿಯತೊಡಗಿತು.

ಬೆಳಿಗ್ಗೆ ಐದೂವರೆಗೆ ಕುಕ್ಕರ್ ಇಟ್ಟರೆ ಇಬ್ಬರ ಬುತ್ತಿ ಎಂಟು ಗಂಟೆಗೆ ಸಿದ್ಧ. ಎಂಟೂವರೆಗೆ ಅವರು ಹೊರಟರೆ ಮಗುವಿನ ಸ್ನಾನ, ಊಟ, ನಿದ್ದೆ. ಅದು ನಿದ್ದೆ ಮಾಡಿದ ಮುಕ್ಕಾಲು ಗಂಟೆಯಲ್ಲಿ ಪಾತ್ರೆ, ಬಟ್ಟೆ, ನೆಲ. ಅಂಬೆಗಾಲಿಡುವ ಮಗು ಎಚ್ಚರವಿದ್ದಾಗ ಒಲೆಯ ಬಳಿ ನಿಲ್ಲುವುದೂ ಅಪಾಯ, ಬಿಟ್ಟು ಹೋಗುವುದೂ ಅಪಾಯ. ಸಂಜೆ ಏಳಕ್ಕೆ ಅವರು ಮರಳುವಾಗ ಚಹಾ, ಒಂಬತ್ತಕ್ಕೆ ಊಟ, ಆಮೇಲೆ ಮತ್ತೆ ಪಾತ್ರೆ. ಹತ್ತು ಗಂಟೆಗೆ ಊರಿನಿಂದ ನಮ್ಮವರ ಫೋನು: "ಹಾಲು ಉಕ್ಕಿತು ಮಾರಾಯ್ತಿ. ಅಡಿಕೆ ಅಂಗಳದಲ್ಲಿ ಹಾಗೆಯೇ ಉಂಟು. ನೀನು ಯಾವಾಗ ಬರುವುದು?" ಒಬ್ಬಳೇ ಹೆಂಗಸು ಎರಡು ಊರುಗಳ ಎರಡು ಅಡಿಗೆಮನೆಗಳಿಗೆ ಉತ್ತರ ಕೊಡಬೇಕಾದ ಸ್ಥಿತಿ ಅದು.

ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ನಾನು ಮಗಳಿಗೆ ಸ್ಪಷ್ಟವಾಗಿಯೇ ಹೇಳಿದೆ: "ಮಗುವನ್ನು ನೋಡಿಕೊಳ್ಳುತ್ತೇನೆ. ಮನೆಗೆಲಸಕ್ಕೆ ಬೇರೆ ದಾರಿ ನೋಡು." ಅವಳ ಮುಖ ಕೆಂಪಾಯಿತು.

"ಅಮ್ಮ, ನೀನು ನಮ್ಮನ್ನು ಸಾಕುವಾಗ ಶಾಲೆಗೂ ಹೋಗುತ್ತಿದ್ದೆ, ಮನೆಯನ್ನೂ ನೋಡುತ್ತಿದ್ದೆ. ಈಗ ಒಂದು ಮಗುವಿಗೆ ಇಷ್ಟು ಕಷ್ಟವಾ?"

"ನಾನು ಶಾಲೆಗೆ ಹೋಗುವಾಗ ನಿನ್ನನ್ನು ನೋಡಿಕೊಂಡದ್ದು ನಿನ್ನ ಅಜ್ಜಿ. ಅಡಿಗೆ ಮಾಡಿದ್ದು ನಿನ್ನ ದೊಡ್ಡಮ್ಮ. ಅದೂ ಅಲ್ಲದೆ ಆಗ ನನಗೆ ಮೂವತ್ತು, ಈಗ ಅರುವತ್ತನಾಲ್ಕು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೆ ಯಾರಿದ್ದಾರೆ ಹೇಳು. ಹನ್ನೊಂದು ಗಂಟೆ ಹೊರಗಿದ್ದು ಬಂದು ನಾನೂ ನಿಂತೇ ಇರುತ್ತೇನೆ" ಎಂದಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ರಾತ್ರಿ ಮಗು ಎರಡು ಸಲ ಎದ್ದರೆ ಎರಡು ಸಲವೂ ಏಳುವವಳು ಅವಳೇ. ಭಾನುವಾರವೆಂದರೆ ಆರು ದಿನಗಳ ಉಳಿಕೆ ಕೆಲಸದ ದಿನ.

ಇಬ್ಬರೂ ದಣಿದ ಹೆಂಗಸರು. ಯಾರ ದಣಿವು ದೊಡ್ಡದು ಎಂಬುದೇ ನಮ್ಮ ವಾದ. ಅದೇ ಕೋಣೆಯ ಮೂಲೆಯಲ್ಲಿ ಅಳಿಯ ಪತ್ರಿಕೆ ಹಿಡಿದು ಕುಳಿತಿದ್ದ. ಆತ ಒಳ್ಳೆಯವನು, ಮಿತಭಾಷಿ, ದುಶ್ಚಟಗಳಿಲ್ಲದವನು. ನಮ್ಮ ವಾದ ತನಗೆ ಸಂಬಂಧಿಸಿದ್ದಲ್ಲ ಎಂದು ಗೌರವದಿಂದಲೇ ದೂರ ಉಳಿದಿದ್ದ. ಅಜ್ಜಿಗೂ ಮಗಳಿಗೂ, ಅತ್ತೆಗೂ ಸೊಸೆಗೂ ನಡೆಯುವ ಇಂತಹ ಹೆಚ್ಚಿನ ಜಗಳಗಳಲ್ಲಿ ಕಾಣುವ ಸಂಗತಿ ಇದೇ. ಎಂಟು ಗಂಟೆಯ ಕೆಲಸವನ್ನು ಇಬ್ಬರು ಹೆಂಗಸರು ಹೇಗೆ ಹಂಚಿಕೊಳ್ಳಬೇಕೆಂದು ಜಗಳವಾಡುತ್ತಾರೆ. ಮನೆಯಲ್ಲಿ ಮೂರನೆಯ ಜೊತೆ ಕೈಗಳಿವೆ ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ.

ಇದು ನಮ್ಮ ಒಂದು ಮನೆಯ ಮಾತಲ್ಲವೆಂಬುದಕ್ಕೆ ಅಂಕಿಸಂಖ್ಯೆಗಳೂ ಇವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಗಂಡಸರು 97 ನಿಮಿಷ ವ್ಯಯಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಹೆಂಗಸರದು 289 ನಿಮಿಷಕ್ಕೆ, ಗಂಡಸರದು 88 ನಿಮಿಷಕ್ಕೆ ಇಳಿದಿತ್ತು. ಕಳೆದು ನೋಡಿದರೆ ಮೊದಲು 202 ನಿಮಿಷಗಳಿದ್ದ ಅಂತರ 201 ಆಗಿದೆ. ಐದು ವರ್ಷಗಳಲ್ಲಿ ಕಡಿಮೆಯಾದದ್ದು ಒಂದೇ ಒಂದು ನಿಮಿಷ. ಇನ್ನು ಮನೆಗೆಲಸಕ್ಕೆ ಕೈಯನ್ನೇ ಹಚ್ಚದವರು ಈ ಸರಾಸರಿಯ ಲೆಕ್ಕಕ್ಕೂ ಬರುವುದಿಲ್ಲ.

ಈಗ ಮೊದಲು ಸೂಚಿಸಿದ ಆ ನಷ್ಟದ ವಿಚಾರ. ಅಡಿಗೆಮನೆಯಲ್ಲಿ ನನ್ನ ಕೈ ಸಿಕ್ಕಿಬಿದ್ದಾಗ ಮಗುವನ್ನು ಸುಮ್ಮನಿರಿಸಲು ಆ ಮನೆಯಲ್ಲಿ ಇದ್ದ ಉಪಾಯವೆಂದರೆ ಮೊಬೈಲ್ ಫೋನು. ಬಣ್ಣಬಣ್ಣದ ಗೊಂಬೆಗಳು ಯಾವುದೋ ದೇಶದ ಉಚ್ಚಾರದಲ್ಲಿ ಹಾಡುತ್ತಿದ್ದರೆ ಮಗು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಒಂದು ವರ್ಷದೊಳಗಿನ ಮಗುವಿಗೆ ಪರದೆಯ ನೋಟ ಬೇಡವೇ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಆರೋಗ್ಯದ ವಿಚಾರ ಅದಾಯಿತು. ಮಾತಿನ ವಿಚಾರ ಅದಕ್ಕಿಂತಲೂ ನನ್ನನ್ನು ಕಾಡಿತು.

ಕಣ್ಣೂರಿನಲ್ಲಿ ಮೆಟ್ಟಿಲಿಳಿದರೆ ಮಲಯಾಳ. ಅದರಲ್ಲಿ ತಪ್ಪೇನೂ ಇಲ್ಲ. ಅದು ನೆರೆಮನೆಯ ಭಾಷೆ, ಮಗು ಅದನ್ನು ಚೆನ್ನಾಗಿಯೇ ಕಲಿಯಲಿ. ಆದರೆ ಕನ್ನಡ ಅದಕ್ಕೆ ಎಲ್ಲಿಂದ ಬರಬೇಕು? ತಂದೆ ತಾಯಿಗಳು ಮಗುವಿನ ಜೊತೆ ಎಚ್ಚರವಾಗಿರುವುದು ಸಂಜೆಯ ಎರಡು ಗಂಟೆ, ಅದೂ ದಣಿದ ಎರಡು ಗಂಟೆ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಆ ವರ್ಷವೇ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ನಮ್ಮ ಹಿರಿಯರು ಇದರ ಆಧಾರದಿಂದ ಶಾಲೆಗಳಿಗಾಗಿ ಹೋರಾಡಿದರು. ನಾನು ಉಂಡ ಅನ್ನವೂ ಅಂತಹ ಒಂದು ಶಾಲೆಯದು. ಆದರೆ ಮಗು ಶಾಲೆಯ ಮೆಟ್ಟಿಲೇರುವುದಕ್ಕೆ ಮೊದಲಿನ ವರ್ಷಗಳಿಗೆ ಯಾವ ವಿಧಿಯೂ ಇಲ್ಲ. ಒಂದನೆಯ ತರಗತಿಗೆ ಬಂದ ಮಕ್ಕಳಲ್ಲಿ ಅಜ್ಜಿಯ ಬಳಿ ಬೆಳೆದವರು ಯಾರು ಎಂಬುದನ್ನು ಒಂದು ವಾರದಲ್ಲಿ ಗುರುತಿಸುತ್ತಿದ್ದೆ. ಅವರಿಗೆ ಅಕ್ಷರ ಬಾರದಿದ್ದರೂ ಶಬ್ದಗಳು ಬರುತ್ತಿದ್ದವು. ಕೇಳಿದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಬಲ್ಲವರಾಗಿದ್ದರು.

ಹೀಗಿರುವಲ್ಲಿ, ಅಜ್ಜಿಯ ಕೈಯನ್ನು ಪಾತ್ರೆಯಲ್ಲಿ ಮುಳುಗಿಸಿ ಮಗುವಿನ ಕೈಗೆ ಫೋನು ಕೊಟ್ಟರೆ ಉಳಿಯುವುದು ಕೆಲಸದಾಕೆಯ ಸಂಬಳ ಮಾತ್ರ. ಈ ಮಾತನ್ನು ಅದೇ ಭಾನುವಾರ ಮಗಳೊಡನೆ ಹೇಳಿದೆ. ನನ್ನ ಸೊಂಟ ನೋವಿನ ಮಾತಿಗಿಂತ ಇದು ಅವಳನ್ನು ಹೆಚ್ಚು ತಟ್ಟಿತು. ಆಗ ಅಳಿಯ ಪತ್ರಿಕೆ ಮಡಚಿಟ್ಟ.

"ಅತ್ತೆ, ನಾನು ಎಂತ ಮಾಡಬೇಕು ಅಂತ ಯಾರೂ ನನಗೆ ಹೇಳಲೇ ಇಲ್ಲವಲ್ಲ" ಎಂದ.

"ನನಗೆ ಯಾರು ಹೇಳಿದ್ದರು?" ಎಂದಳು ಮಗಳು.

ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಆದರೆ ಮನೆಯ ಎಲ್ಲ ಕೆಲಸಗಳನ್ನೂ ಒಂದು ಹಾಳೆಯಲ್ಲಿ ಬರೆಯೋಣವೆಂದು ಮುಂದೆ ಬಂದವನು ಅವನೇ. ಬರೆಯುತ್ತ ಹೋದಂತೆ ಮೂವತ್ತೊಂದು ಕೆಲಸಗಳಾದವು. ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದು, ಮಗುವಿನ ಚುಚ್ಚುಮದ್ದಿನ ದಿನ ನೆನಪಿಟ್ಟುಕೊಳ್ಳುವುದು, ದೋಸೆಗೆ ಅಕ್ಕಿ ನೆನೆಹಾಕುವುದು ಮುಂತಾದ, ಯಾರ ಕಣ್ಣಿಗೂ ಬೀಳದ ಕೆಲಸಗಳೂ ಅದರಲ್ಲಿದ್ದವು. ಅಂದು ನಿಶ್ಚಯಿಸಿದ್ದು ಇಷ್ಟು: ಕೆಲಸದಾಕೆಯನ್ನು ಮೊದಲಿನಂತೆ ಎರಡು ಗಂಟೆಗೆ ಕರೆಯುವುದು. ಬೆಳಗಿನ ಅಡಿಗೆ ಮಗಳದು, ತರಕಾರಿ ಹಿಂದಿನ ರಾತ್ರಿ ಅಳಿಯ ಹೆಚ್ಚಿಡುವುದು. ರಾತ್ರಿಯ ಪಾತ್ರೆಯೂ ಮಗುವಿನ ಬಟ್ಟೆಯೂ ಅಳಿಯನದು. ರಾತ್ರಿ ಮಗು ಎದ್ದರೆ ಸರದಿ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಏಳರವರೆಗೆ ಮಗು ನನ್ನದು, ಮಗು ಮಾತ್ರ. ಭಾನುವಾರ ನನಗೆ ಬಿಡುವು. ಎರಡು ತಿಂಗಳಿಗೊಮ್ಮೆ ನಾನು ಊರಿಗೆ ಹೋಗುವುದು. ಆಗ ಒಂದು ತಿಂಗಳು ಅಳಿಯನ ತಾಯಿಯವರು ವಿಟ್ಲದಿಂದ ಬರುವುದು. ಅಡಿಕೆ ಕೊಯ್ಲಿನ ಕಾಲದಲ್ಲಿ ನಾನು ಊರಿನಲ್ಲೇ ಇರುವುದು.

ಎಲ್ಲವೂ ಸುಸೂತ್ರವಾಗಿ ಸಾಗಿತೆಂದು ಹೇಳಿದರೆ ಓದುಗರು ನಂಬಲಾರರು. ಮಗ ಪಾತ್ರೆ ತೊಳೆಯುತ್ತಾನೆಂದು ತಿಳಿದಾಗ ಅಳಿಯನ ತಾಯಿಯವರು ಫೋನಿನಲ್ಲಿ, "ನಮ್ಮ ಮನೆಯಲ್ಲಿ ಗಂಡುಮಕ್ಕಳು ಎಂಜಲು ಬಟ್ಟಲು ಮುಟ್ಟಿದ್ದಿಲ್ಲ" ಎಂದು ನನಗೇ ಹೇಳಿದರು. ನಾನು ವಾದಕ್ಕಿಳಿಯಲಿಲ್ಲ. ಅವರ ಸರದಿ ಬಂತು. ಎರಡನೆಯ ವಾರ ಅವರದೇ ಫೋನು: "ಇರಲಿ, ಅವನೇ ತೊಳೆಯಲಿ. ನನ್ನ ಮಂಡಿ ಬಗ್ಗುವುದಿಲ್ಲ." ನಮ್ಮವರು ಅನ್ನ ಸಾರು ಮಾಡಲು ಕಲಿತಿದ್ದಾರೆ, ಸಾರಿಗೆ ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲ. ಮಗಳ ಮನೆಯಲ್ಲಿ ಅಳಿಯ ತಡವಾಗಿ ಬಂದ ದಿನಗಳಲ್ಲಿ ಪಾತ್ರೆ ಬೆಳಗಿನವರೆಗೆ ಹಾಗೆಯೇ ಬಿದ್ದಿರುತ್ತದೆ. ಅದನ್ನು ನೋಡಿಯೂ ನೋಡದಂತಿರುವುದು ನನ್ನ ವಯಸ್ಸಿನವರಿಗೆ ಸುಲಭವಲ್ಲ, ಆದರೂ ಸುಮ್ಮನಿರುತ್ತೇನೆ.

ಕೊಯ್ಲು ಮುಗಿಸಿ ಮರಳಿದಾಗ ತೋಟದಿಂದ ಒಂದು ದೊಡ್ಡ ಅಡಿಕೆ ಹಾಳೆಯನ್ನು ಜೊತೆಗೆ ಒಯ್ದೆ. ಮಗುವನ್ನು ಅದರ ಮೇಲೆ ಕೂರಿಸಿ ಫ್ಲ್ಯಾಟಿನ ಉದ್ದದ ಜಗಲಿಯಲ್ಲಿ ಎಳೆದರೆ ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಸೇರುತ್ತಿದ್ದರು. ಅವರು ಅದನ್ನು "ಪಾಳ" ಎಂದರು. ಒಂದೂವರೆ ವರ್ಷದ ನನ್ನ ಮೊಮ್ಮಗಳು "ಹಾಳೆ" ಎಂದಳು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾದ ಬಗೆಯನ್ನು ವರ್ಷಗಟ್ಟಲೆ ಪಾಠ ಹೇಳಿದ ನನಗೆ ಆ ಎರಡು ಶಬ್ದಗಳನ್ನು ಒಟ್ಟಿಗೆ ಕೇಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅವಳು ನನ್ನೊಡನೆ ಹಾಳೆ, ಅವರೊಡನೆ ಪಾಳ ಎನ್ನಲು ಕಲಿತಿದ್ದಳು.

ಮಕ್ಕಳ ಮನೆಗೆ ಹೊರಡಲು ಸಿದ್ಧರಾಗಿರುವ ಸೋದರಿಯರಿಗೂ, ಕರೆಯಲು ಸಿದ್ಧರಾಗಿರುವ ಮಕ್ಕಳಿಗೂ ನನ್ನದೊಂದು ವಿನಂತಿ. ರೈಲಿನ ಟಿಕೇಟು ಮಾಡಿಸುವುದಕ್ಕೆ ಮೊದಲೇ ನಾಲ್ಕು ವಿಷಯಗಳನ್ನು ಮಾತಾಡಿಕೊಳ್ಳಿ: ಎಷ್ಟು ತಿಂಗಳು, ದಿನಕ್ಕೆ ಎಷ್ಟು ಗಂಟೆ, ಮಗುವಿನ ಕೆಲಸದ ಹೊರತು ಬೇರೆ ಯಾವುದು ಯಾರದು, ಊರಿನಲ್ಲಿ ಉಳಿದವರ ಊಟದ ಗತಿ ಏನು. ಈ ಮಾತುಕತೆಗೆ ಗಂಡಸರನ್ನು ಕೂರಿಸಿಕೊಳ್ಳಿ. ಲೆಕ್ಕ ಹಾಕುವುದರಿಂದ ವಾತ್ಸಲ್ಯ ಕುಂದುತ್ತದೆ ಎಂಬ ಭಯ ಬೇಡ. ಮಾತಾಡದೆ ಉಳಿದ ಲೆಕ್ಕವನ್ನು ಮನಸ್ಸು ರಾತ್ರಿಯೆಲ್ಲ ಕೂಡಿ ಕಳೆಯುತ್ತಿರುತ್ತದೆ.

ಶರೀರ ಒಪ್ಪದಿದ್ದರೆ, ಅಥವಾ ಮನಸ್ಸೇ ಒಪ್ಪದಿದ್ದರೆ, ಹೋಗಲಾರೆ ಎನ್ನುವುದೂ ಪಾಪವಲ್ಲ. ತಂದೆ ತಾಯಿಗಳನ್ನು ಮಕ್ಕಳು ಪೋಷಿಸಬೇಕೆಂದು 2007ರ ಕಾಯಿದೆ ಹೇಳುತ್ತದೆ. ಮೊಮ್ಮಕ್ಕಳನ್ನು ಅಜ್ಜಿ ಸಾಕಲೇಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಅಜ್ಜಿ ಕೊಡುವುದು ತನ್ನ ಉಳಿದಿರುವ ದಿನಗಳನ್ನು. ಹಾಗೆ ಕೊಟ್ಟ ದಿನಗಳನ್ನು ಪಾತ್ರೆ ತಿಕ್ಕಲು ಬಳಸುವುದೋ, ಮಗುವಿಗೆ ನಾಲ್ಕು ಮಾತು ಕಲಿಸಲು ಬಳಸುವುದೋ ಎಂಬುದನ್ನು ಪ್ರತಿಯೊಂದು ಮನೆಯವರೂ ಕೂಡಿ ಕುಳಿತು ನಿಶ್ಚಯಿಸಬೇಕು. ಪಾತ್ರೆ ಯಾರು ತೊಳೆದರೂ ಬೆಳಗುತ್ತದೆ. ಗಡಿಯಾಚೆಯ ಫ್ಲ್ಯಾಟಿನಲ್ಲಿ ಬೆಳೆಯುವ ಮಗುವಿಗೆ ಹಗಲಿಡೀ ಕನ್ನಡದಲ್ಲಿ ಮಾತಾಡಲು ಹೆಚ್ಚಿನ ಮನೆಗಳಲ್ಲಿ ಅವಳೊಬ್ಬಳೇ ಇರುವುದು.